ಭಾನುವಾರದ ಆರಾಧನೆಯಲ್ಲಿ ಕಿರುನಾಟಕ ಮತ್ತು ಹಾಸ್ಯ: ಇರಬೇಕೇ, ಇದ್ದರೆ ಹೇಗಿರಬೇಕು?

ತುಂಗಾತೀರ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಸಭೆಯ ಯುವಜನ ಸಂಘದಲ್ಲಿ ಒಂಬತ್ತು ವರ್ಷಗಳಿಂದ ಕಿರುನಾಟಕಗಳನ್ನು ಬರೆದು ಆಡಿಸುತ್ತಿದ್ದೇನೆ. ಕ್ರಿಸ್ಮಸ್ ಕಾರ್ಯಕ್ರಮದ ನಾಟಕಕ್ಕೆ ನಮ್ಮಲ್ಲಿ ಯಾರ ತಕರಾರೂ ಇಲ್ಲ, ಏಕೆಂದರೆ ಅದು ಸಂಜೆ, ಶಾಮಿಯಾನದ ಕೆಳಗೆ ನಡೆಯುತ್ತದೆ. ಆದರೆ ಮೂರು ವರ್ಷಗಳಿಂದ ತಿಂಗಳಿಗೊಮ್ಮೆ ಭಾನುವಾರದ ಆರಾಧನೆಯೊಳಗೇ, ಪ್ರಸಂಗಕ್ಕೆ (ಬೋಧಕರ ಉಪದೇಶಕ್ಕೆ) ಮುಂಚೆ, ಆರೇಳು ನಿಮಿಷಗಳ ಪ್ರಹಸನವನ್ನು ಆಡುತ್ತಾ ಬಂದಿದ್ದೇವೆ. ಜನ ಅದಕ್ಕಾಗಿ ಕಾಯುತ್ತಿದ್ದರು.

ಕಳೆದ ತಿಂಗಳು ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯವನ್ನು, ಅಂದರೆ ಆಸ್ತಿಯ ಪಾಲನ್ನು ಹಾಳುಮಾಡಿ ಹಂದಿ ಮೇಯಿಸುವ ಸ್ಥಿತಿಗೆ ಬಂದು ತಂದೆಯ ಬಳಿಗೆ ಹಿಂದಿರುಗುವ ಕಿರಿಯ ಮಗನ ದೃಷ್ಟಾಂತ ಕಥೆಯನ್ನು ಆರಿಸಿಕೊಂಡೆವು. ಕಿರಿಯ ಮಗನನ್ನು ಕುಡುಕನನ್ನಾಗಿ ತೋರಿಸಿದೆವು. ಪಾತ್ರ ಮಾಡಿದ ಹುಡುಗ ಪ್ರತಿಭಾವಂತ. ಅವನು ತೂರಾಡುತ್ತಾ ಬಂದು, ಬಾಗಿಲ ಚಿಲಕವನ್ನು ಗಾಳಿಯಲ್ಲಿ ಹುಡುಕಿ, ಹಂದಿಗೆ ನಮಸ್ಕಾರ ಹೇಳಿದಾಗ ಇಡೀ ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಆ ನಗುವಿನ ನಡುವೆ ಮೂರನೆಯ ಸಾಲಿನಲ್ಲಿದ್ದ ಒಬ್ಬ ತಾಯಿ ತಮ್ಮ ಇಬ್ಬರು ಮಕ್ಕಳನ್ನು ಎಬ್ಬಿಸಿಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ಅವರ ಮನೆಯ ಪರಿಸ್ಥಿತಿ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಬರೆಯುವಾಗ ಅದು ನೆನಪಿಗೆ ಬರಲಿಲ್ಲ. ಮುಂದಿನ ಭಾನುವಾರ ಅವರು ಬಂದು ನನ್ನ ಕೈ ಹಿಡಿದು, "ನನ್ನ ಮಕ್ಕಳು ಅವತ್ತು ನಗಲಿಲ್ಲ, ನೀನು ನೋಡಿದೆಯಾ ಅಕ್ಕಾ?" ಎಂದು ಕೇಳಿದರು. ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಈಗ ಸಭಾ ಸಮಿತಿಯಲ್ಲಿ ಆರಾಧನೆಯೊಳಗೆ ಇನ್ನು ಮುಂದೆ ನಾಟಕವೇ ಬೇಡವೆಂಬ ಮಾತು ಬಂದಿದೆ. ತಪ್ಪು ನಮ್ಮ ಬರವಣಿಗೆಯದೋ, ಹಾಸ್ಯದ್ದೋ, ಅಥವಾ ಆರಾಧನೆಯಲ್ಲಿ ನಾಟಕವನ್ನು ತಂದದ್ದೇ ತಪ್ಪೋ ಎಂಬುದನ್ನು ತಿಳಿದವರಿಂದ ಕೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಪ್ರಾರ್ಥನಾ ಪುಸ್ತಕ

ಸಹೋದರಿಯವರೇ, ನಿಮ್ಮ ಮನಸ್ಸಿನ ನೋವು ಅರ್ಥವಾಗುತ್ತದೆ; ನನ್ನ ಮಾತು ನಿಮ್ಮ ಮೇಲಿನ ಆಪಾದನೆಯಲ್ಲ. ನಲವತ್ತು ವರ್ಷ ಸಭೆಯ ಹಿರಿಯನಾಗಿದ್ದವನ ಅಭಿಪ್ರಾಯವನ್ನು ಮಾತ್ರ ಹೇಳುತ್ತೇನೆ.

ಆರಾಧನೆಯಲ್ಲಿ ನಾವೆಲ್ಲರೂ ಒಂದೇ ಕಡೆಗೆ ಮುಖ ಮಾಡಿದವರು. ಹಾಡುವವರೂ ಓದುವವರೂ ಪ್ರಾರ್ಥಿಸುವವರೂ ದೇವರ ಸನ್ನಿಧಿಯಲ್ಲಿ ನಿಂತಿರುತ್ತಾರೆ. ನಾಟಕ ಆರಂಭವಾದ ಕ್ಷಣವೇ ಸಭೆ ಎರಡಾಗುತ್ತದೆ: ಆಡುವವರು ಮತ್ತು ನೋಡುವವರು. ನೋಡುವವರ ಕೈ ತಾನಾಗಿ ಚಪ್ಪಾಳೆಗೆ ಸಿದ್ಧವಾಗುತ್ತದೆ, ಮೊಬೈಲು ಮೇಲೇಳುತ್ತದೆ, ಮನೆಗೆ ಹೋಗುವ ದಾರಿಯಲ್ಲಿ ಯಾರು ಚೆನ್ನಾಗಿ ಮಾಡಿದರು ಎಂಬ ಮಾತು ನಡೆಯುತ್ತದೆ. ದೇವರ ವಾಕ್ಯ ಏನು ಹೇಳಿತು ಎಂಬ ಮಾತು ನಡೆಯುವುದಿಲ್ಲ. ಪ್ರಸಂಗ ಮಾಡುವವರ ಕಷ್ಟವನ್ನೂ ಯೋಚಿಸಿ. ಹೊಟ್ಟೆ ತುಂಬ ನಕ್ಕ ಸಭೆಯನ್ನು ಪಶ್ಚಾತ್ತಾಪದ ಮಾತಿಗೆ ತರಲು ಅವರಿಗೆ ಹತ್ತು ನಿಮಿಷವಾದರೂ ಬೇಕು.

ನಾಟಕವಿಲ್ಲದಿದ್ದರೆ ಆರಾಧನೆ ಒಣಗಿಹೋಗುತ್ತದೆ ಎನ್ನುವವರು ನಮ್ಮ ಆರಾಧನಾ ಕ್ರಮವನ್ನು ಸರಿಯಾಗಿ ನೋಡಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡು, 1950ರಲ್ಲಿ ಕರ್ತನ ಭೋಜನದ ಹೊಸ ಕ್ರಮ ಬಂದಾಗ, ಅದರಲ್ಲಿ ಮೇಜಿನ ಹಿಂದೆ ಸಭೆಗೆ ಮುಖಮಾಡಿ ನಿಲ್ಲುವ ಬೋಧಕರಿದ್ದರು, ಕೈಯಿಂದ ಕೈಗೆ ಸಾಗುವ ಶಾಂತಿಯ ವಂದನೆಯಿತ್ತು, ಎಲ್ಲರ ಕಣ್ಣೆದುರಿಗೆ ಮುರಿಯುವ ರೊಟ್ಟಿಯಿತ್ತು. ಶಾಂತಿಯನ್ನು ಎರಡು ಕೈಗಳ ನಡುವೆ ಪಡೆದು ಪಕ್ಕದವರಿಗೆ ಕೊಡುವಾಗ, ವರ್ಷಗಳಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಪಕ್ಕಪಕ್ಕ ಸಿಕ್ಕಿಬಿದ್ದು ಕೈ ನೀಡಿದ್ದನ್ನು ನಾನು ನೋಡಿದ್ದೇನೆ. ಅದಕ್ಕಿಂತ ಹೆಚ್ಚಿನ ನಾಟಕ ಯಾವುದಿದೆ? ಕರ್ತನು ತಾನೇ ಒಂದು ಕ್ರಿಯೆಯನ್ನು ಕೊಟ್ಟು, ಇದನ್ನು ಮಾಡಿರಿ ಎಂದಿದ್ದಾನೆ. ಅದರ ಪಕ್ಕದಲ್ಲಿ ನಾವು ನಮ್ಮದೊಂದನ್ನು ತಂದು ನಿಲ್ಲಿಸಬೇಕೇ?

ಪ್ರತಿಭೆಯಿರುವ ಮಕ್ಕಳಿಗೆ ಸಂಜೆಯ ಕಾರ್ಯಕ್ರಮವಿದೆ, ಸುಗ್ಗಿ ಹಬ್ಬವಿದೆ, ರಜಾಕಾಲದ ವೇದಪಾಠ ಶಾಲೆಯಿದೆ. ಅಲ್ಲಿ ಆಡಲಿ, ನಾನೇ ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತೇನೆ.

ಸಂಡೇಸ್ಕೂಲ್ ಟೀಚರ್

ಹಿರಿಯರ ಮಾತಿಗೆ ಗೌರವವಿಟ್ಟು ಒಂದು ಪ್ರಶ್ನೆ ಕೇಳುತ್ತೇನೆ. ಯೆಹೆಜ್ಕೇಲ ಪ್ರವಾದಿಗೆ ದೇವರು ಏನು ಹೇಳಿದನು? ಒಂದು ಇಟ್ಟಿಗೆಯ ಮೇಲೆ ಯೆರೂಸಲೇಮನ್ನು ಬರೆದು, ಅದಕ್ಕೆ ಮುತ್ತಿಗೆ ಹಾಕಿದಂತೆ ದಿಬ್ಬ ಕಟ್ಟಿ, ಎಡಮಗ್ಗುಲಲ್ಲಿ 390 ದಿನ, ಬಲಮಗ್ಗುಲಲ್ಲಿ 40 ದಿನ ಮಲಗಿರು ಎಂದನು. ಯೆರೆಮೀಯನು ಮಡಕೆಯನ್ನು ಜನರ ಮುಂದೆ ಒಡೆದನು, ಕೊರಳಿಗೆ ನೊಗ ಹಾಕಿಕೊಂಡು ತಿರುಗಿದನು. ಅಗಬನೆಂಬ ಪ್ರವಾದಿ ಪೌಲನ ನಡುಕಟ್ಟಿನಿಂದ ತನ್ನ ಕೈಕಾಲುಗಳನ್ನೇ ಕಟ್ಟಿಕೊಂಡು ತೋರಿಸಿದನು. ಬರೀ ಮಾತಿಗೆ ಕಿವಿ ಕೊಡದ ಜನರಿಗೆ ದೇವರೇ ಇಂಥ ದಾರಿಯನ್ನು ಆರಿಸಿಕೊಂಡಿದ್ದಾನೆ.

ನಮ್ಮ ಮಕ್ಕಳು ಯೆಹೆಜ್ಕೇಲನ ಆ ಭಾಗವನ್ನು ಆಡಿದಾಗ ಇಟ್ಟಿಗೆ ಸಿಗಲಿಲ್ಲವೆಂದು ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಮಂಗಳೂರು ಹಂಚನ್ನು ತಂದರು. ಇದ್ದಿಲಿನಿಂದ ಅದರ ಮೇಲೆ ಗೋಡೆ, ಬಾಗಿಲು, ಗುಡಾರ ಎಲ್ಲವನ್ನೂ ಬರೆದರು. ಒಬ್ಬ ಹುಡುಗ ಅದರ ಎದುರಿಗೆ ಎಡಮಗ್ಗುಲಾಗಿ ಸುಮ್ಮನೆ ಮಲಗಿದ. ಅಷ್ಟೇ ನಾಟಕ. ಇನ್ನೊಬ್ಬಳು ವಾಕ್ಯವನ್ನು ಓದಿದಳು. ಮುಗಿದ ಮೇಲೆ ಓದುಬರಹ ಬಾರದ ಒಬ್ಬ ಅಜ್ಜಿ ಮುಂದೆ ಬಂದು ಆ ಹಂಚನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಬಹಳ ಹೊತ್ತು ನೋಡಿ, "ಇಷ್ಟು ದಿನ ಮಲಗಿದ್ದನಾ ಅವನು?" ಎಂದರು. ಅರವತ್ತು ವರ್ಷ ಪ್ರಸಂಗ ಕೇಳಿದವರು ಅವರು. ಯೆಹೆಜ್ಕೇಲನು ಅವರಿಗೆ ಒಬ್ಬ ಮನುಷ್ಯನಾಗಿ ಕಂಡದ್ದು ಅಂದೇ.

ಈ ಅನುಭವವನ್ನು ಸಂಜೆಯ ಕಾರ್ಯಕ್ರಮಕ್ಕೆ ತಳ್ಳಿದ್ದರೆ ಆ ಅಜ್ಜಿ ಬರುತ್ತಿರಲಿಲ್ಲ. ಸಂಜೆ ಅವರಿಗೆ ಕಣ್ಣು ಕಾಣುವುದಿಲ್ಲ.

ಬಲ್ಮಠ ದಾರಿ

ನಾನು ಸಭಾ ಚರಿತ್ರೆಯ ವಿದ್ಯಾರ್ಥಿ. ಈ ಚರ್ಚೆ ನಮ್ಮ ಕಾಲದ್ದೆಂದು ಯಾರೂ ತಿಳಿಯಬಾರದು. ಸಭೆಯೊಳಗೆ ಇದು ಸಾವಿರ ವರ್ಷದಷ್ಟು ಹಳೆಯದು.

ಸುಮಾರು ಕ್ರಿ.ಶ. 970ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಸನ್ಯಾಸಿ ಮಠಗಳಿಗಾಗಿ ಸಿದ್ಧವಾದ ನಿಯಮಾವಳಿಯೊಂದರಲ್ಲಿ ಪುನರುತ್ಥಾನದ ಹಬ್ಬದ ಮುಂಜಾನೆಯ ಪ್ರಾರ್ಥನೆಯಲ್ಲಿ ಏನು ಮಾಡಬೇಕೆಂಬುದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಬಿಳಿ ನಿಲುವಂಗಿ ತೊಟ್ಟ ಒಬ್ಬ ಸನ್ಯಾಸಿ ಕೈಯಲ್ಲಿ ಗರಿ ಹಿಡಿದು ಸಮಾಧಿಯ ಬಳಿ ಸದ್ದಿಲ್ಲದೆ ಕುಳಿತುಕೊಳ್ಳುತ್ತಾನೆ. ಇನ್ನು ಮೂವರು ಧೂಪಾರತಿ ಹಿಡಿದು, ಏನನ್ನೋ ಹುಡುಕುವವರಂತೆ ನಿಧಾನವಾಗಿ ಹೆಜ್ಜೆ ಇಡುತ್ತಾ ಬರುತ್ತಾರೆ. ಯಾರನ್ನು ಹುಡುಕುತ್ತಿದ್ದೀರಿ ಎಂದು ಅವನು ಕೇಳುತ್ತಾನೆ. ಕೊನೆಗೆ ಅವರು ಬಟ್ಟೆಯನ್ನು ಎತ್ತಿ ಹಿಡಿದು, ಒಳಗೆ ಏನೂ ಇಲ್ಲವೆಂದು ಎಲ್ಲರಿಗೂ ತೋರಿಸುತ್ತಾರೆ. ಯುರೋಪಿನ ನಾಟಕದ ಮರುಹುಟ್ಟನ್ನು ಅನೇಕ ವಿದ್ವಾಂಸರು ಗುರುತಿಸುವುದು ಇಂಥ ಆರಾಧನೆಯ ಒಳಗೆ. ರಂಗಭೂಮಿಯನ್ನು ಹೊರಗಿನಿಂದ ದೇವಾಲಯಕ್ಕೆ ತಂದರೆಂದು ನಾವು ಹೇಳುತ್ತೇವೆ, ಆದರೆ ಆ ಭಾಗದ ಚರಿತ್ರೆಯಲ್ಲಿ ಅದು ದೇವಾಲಯದಿಂದ ಹೊರಗೆ ಹೋದದ್ದು.

ಹಾಗೆಂದು ಹಿರಿಯರ ಆತಂಕಕ್ಕೆ ಆಧಾರವಿಲ್ಲವೆಂದಲ್ಲ. 1207ರಲ್ಲಿ ಮೂರನೆಯ ಇನ್ನೊಸೆಂಟ್ ಪೋಪರು ಪೋಲೆಂಡಿನ ಮಹಾಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ, ದೇವಾಲಯಗಳೊಳಗೆ ಮುಖವಾಡ ಹಾಕಿ ಆಡುವ ಆಟಗಳನ್ನು ನಿಲ್ಲಿಸಬೇಕೆಂದರು. ಮುಂದೆ ಆ ಆಜ್ಞೆಗೆ ಟೀಕೆ ಬರೆದವರು ಗೋದಲಿ, ಹೆರೋದ, ಕೂಸಾದ ಕ್ರಿಸ್ತನನ್ನು ಕಾಣಲು ಬಂದ ಜೋಯಿಸರು ಮೊದಲಾದ ದೃಶ್ಯಗಳನ್ನು ತೋರಿಸುವುದಕ್ಕೆ ಇದು ಅಡ್ಡಿಯಲ್ಲವೆಂದು ಬಿಡಿಸಿ ಹೇಳಬೇಕಾಯಿತು. ಭಕ್ತಿಯನ್ನು ಎಬ್ಬಿಸುವ ಆಟ ಮತ್ತು ಹುಚ್ಚಾಟದ ನಡುವಿನ ಗೆರೆಯನ್ನು ಎಳೆಯುವ ಕಷ್ಟ ಆಗಲೂ ಇತ್ತು.

ಹಾಸ್ಯದ ವಿಷಯಕ್ಕೆ ಬಂದರೆ, 15ನೆಯ ಶತಮಾನದ ಒಂದು ಇಂಗ್ಲಿಷ್ ಕ್ರಿಸ್ಮಸ್ ನಾಟಕ ನನಗೆ ಬಹಳ ಪ್ರಿಯವಾದದ್ದು. ಮ್ಯಾಕ್ ಎಂಬ ಕಳ್ಳ ಕುರುಬರ ಕುರಿಯನ್ನು ಕದ್ದು ತಂದು, ಅದನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸುತ್ತಾನೆ. ಅವನ ಹೆಂಡತಿ ಆಗತಾನೇ ಹೆತ್ತವಳಂತೆ ನರಳುತ್ತಾಳೆ. ಹುಡುಕಿ ಬಂದ ಕುರುಬರು ಏನೂ ಸಿಗದೆ ಹೊರಟುಹೋಗುತ್ತಾರೆ. ಆಮೇಲೆ, ಅಯ್ಯೋ, ಕೂಸಿಗೆ ಏನೂ ಕೊಡಲಿಲ್ಲವಲ್ಲ ಎಂದು ಹಿಂದಿರುಗಿ ಬಟ್ಟೆ ಸರಿಸಿದರೆ ಉದ್ದ ಮೂತಿ ಕಾಣುತ್ತದೆ! ಕಳ್ಳತನ ಬಯಲಾದದ್ದು ಅವರ ಕರುಣೆಯಿಂದ. ಅದೇ ರಾತ್ರಿ ದೂತನ ಹಾಡು ಕೇಳಿ, ಅವರೇ ಕುರುಬರು ಬೇತ್ಲೆಹೇಮಿನ ಇನ್ನೊಂದು ತೊಟ್ಟಿಲ ಮುಂದೆ ಮೊಣಕಾಲೂರುತ್ತಾರೆ, ಅಲ್ಲಿರುವವನು ದೇವರ ಕುರಿಮರಿ. ಅಷ್ಟು ಹೊತ್ತು ನಕ್ಕವನಿಗೆ ಆ ಎರಡನೆಯ ತೊಟ್ಟಿಲನ್ನು ಕಂಡಾಗ ಮೈ ಜುಮ್ಮೆನ್ನುತ್ತದೆ. ಹಾಸ್ಯವು ಸತ್ಯಕ್ಕೆ ದಾರಿ ಬಿಟ್ಟುಕೊಡುವುದೆಂದರೆ ಹೀಗೆ.

ಎದುರು ಪಕ್ಷಕ್ಕೂ ಒಂದು ಸಾಕ್ಷಿ ಇದೆ. ಜರ್ಮನ್ ಮಾತನಾಡುವ ನಾಡುಗಳಲ್ಲಿ ಪುನರುತ್ಥಾನದ ಹಬ್ಬದಂದು ಪ್ರಸಂಗದಲ್ಲೇ ನಗೆಗಥೆ ಹೇಳಿ ಜನರನ್ನು ನಗಿಸುವ ರೂಢಿಯಿತ್ತು. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಸುಧಾರಕರಾದ ಈಕೊಲಂಪಾಡಿಯುಸ್, ತಾವು ಪ್ರಸಂಗದಲ್ಲಿ ಜನರನ್ನು ನಗಿಸುವುದಿಲ್ಲವೆಂಬ ಆಕ್ಷೇಪಕ್ಕೆ ಉತ್ತರವಾಗಿ ಆ ರೂಢಿಯನ್ನು ಖಂಡಿಸಿ ಬರೆದ ಪತ್ರ 1518ರಲ್ಲಿ ಅದೇ ಪಟ್ಟಣದಲ್ಲಿ ಅಚ್ಚಾಯಿತು. ಆ ಬಾಸೆಲ್‌ನಿಂದ ಹೊರಟ ಮಿಷನರಿಗಳೇ 1834ರಲ್ಲಿ ಮಂಗಳೂರಿಗೆ ಬಂದವರು. ನಮ್ಮ ಕರಾವಳಿಯ ಹಾಗೂ ಧಾರವಾಡ ಸೀಮೆಯ ಸಭೆಗಳಲ್ಲಿ ಆಟ, ಬಯಲಾಟಗಳ ಬಗ್ಗೆ ಇಂದಿಗೂ ಉಳಿದಿರುವ ಹಿಂಜರಿಕೆಗೆ ಆ ಮನೆತನದ ಗಾಂಭೀರ್ಯವೂ ಒಂದು ಕಾರಣವೆಂದು ನನಗೆ ತೋರುತ್ತದೆ. ಆದರೆ ಅದೇ ಮಿಷನಿನ ಕಿಟ್ಟೆಲರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸುಗಳಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು ಎಂಬುದನ್ನೂ ಮರೆಯಬಾರದು. ಈ ನೆಲದ ಜನ ಕಥೆಯನ್ನು ಹೇಗೆ ಕೇಳುತ್ತಾರೆ ಎಂಬುದನ್ನು ಅವರು ಗಮನಿಸಿದ್ದರು.

ಹಳೆಯ ಪ್ರಾರ್ಥನಾ ಪುಸ್ತಕ

ಚರಿತ್ರೆಗಾಗಿ ಧನ್ಯವಾದಗಳು, ತೊಟ್ಟಿಲಿನ ಕಥೆ ನನಗೆ ಗೊತ್ತಿರಲಿಲ್ಲ. ಆದರೆ ಆ ವಿಂಚೆಸ್ಟರ್ ಸನ್ಯಾಸಿಗಳು ಆಡಿದ್ದು ಸುವಾರ್ತೆಯ ಮಾತುಗಳನ್ನೇ ಎಂಬುದನ್ನು ಗಮನಿಸಿ. ಅವರಲ್ಲಿ ಯಾರೂ ಹಂದಿಗೆ ನಮಸ್ಕಾರ ಹೇಳಲಿಲ್ಲ. ಪ್ರವಾದಿಗಳಿಗೂ ಹೀಗೆ ಮಾಡೆಂದು ದೇವರ ಆಜ್ಞೆಯಾಗಿತ್ತು. ಹಂಚಿನ ಮುಂದೆ ಸುಮ್ಮನೆ ಮಲಗಿದ ಹುಡುಗನ ಬಗ್ಗೆ ನನ್ನ ಆಕ್ಷೇಪವಿಲ್ಲ ಎಂದು ಟೀಚರ್ ಅವರಿಗೆ ಹೇಳಬಯಸುತ್ತೇನೆ. ಅದನ್ನು ನಾನು ವಾಕ್ಯಪಠನವೆಂದೇ ಕರೆಯುತ್ತೇನೆ.

ಗರಿಗಳ ಭಾನುವಾರ

ನಾನು ಕಥೋಲಿಕ ಸಭೆಯವನು, ಮೈಸೂರು ಕಡೆಯ ಧರ್ಮಕೇಂದ್ರವೊಂದರಲ್ಲಿ ಆರಾಧನಾ ವಿಧಿಯ ತಂಡದಲ್ಲಿದ್ದೇನೆ. ನಮ್ಮಲ್ಲಿ ಈ ಪ್ರಶ್ನೆಗೆ ಅರ್ಧ ಉತ್ತರ ನಿಯಮದಲ್ಲೇ ಇದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ದೈವಾರಾಧನೆಯ ಸಂವಿಧಾನದ 22ನೆಯ ವಿಧಿಯ ಪ್ರಕಾರ, ಯಾರೂ, ಗುರುಗಳಾದರೂ ಸಹ, ತಮ್ಮಷ್ಟಕ್ಕೆ ತಾವೇ ವಿಧಿಗೆ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಬದಲಿಸುವಂತಿಲ್ಲ. ಆದ್ದರಿಂದ ಬಲಿಪೂಜೆಯ (ಮಾಸ್) ನಡುವೆ ಪ್ರಹಸನವೆಂಬುದು ನಮ್ಮಲ್ಲಿ ಇಲ್ಲ. ಶುಭಸಂದೇಶದ ಪಠನವನ್ನು ತೆಗೆದು ಆ ಜಾಗದಲ್ಲಿ ನಾಟಕ ಆಡುವುದಂತೂ ಸಾಧ್ಯವೇ ಇಲ್ಲ.

ಆದರೂ ಗರಿಗಳ ಭಾನುವಾರ ಮತ್ತು ಶುಭ ಶುಕ್ರವಾರದಂದು ಯೇಸುಸ್ವಾಮಿಯ ಯಾತನೆಯ ಕಥನವನ್ನು ಮೂವರು ಹಂಚಿಕೊಂಡು ಓದುತ್ತೇವೆ: ಕಥನಕಾರ, ಕ್ರಿಸ್ತ, ಉಳಿದವರು. ಎಷ್ಟೋ ಕಡೆ ಜನಸಮೂಹದ ಮಾತುಗಳನ್ನು ಇಡೀ ಸಭೆಯೇ ಹೇಳುತ್ತದೆ. "ಅವನನ್ನು ಶಿಲುಬೆಗೇರಿಸು" ಎಂದು ನನ್ನ ಬಾಯಿಂದಲೇ ಕೂಗಬೇಕಾಗುತ್ತದೆ. ಚಿಕ್ಕವನಿದ್ದಾಗ ಆ ಮಾತು ಬಂದಾಗ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ, ನಾನು ಹೇಳದಿದ್ದರೆ ಅವರು ಸ್ವಾಮಿಯನ್ನು ಬಿಟ್ಟುಬಿಡುತ್ತಾರೇನೋ ಎಂಬಂತೆ. ಹಿರಿಯರು ಹೇಳಿದ ಆಡುವವರು ಮತ್ತು ನೋಡುವವರೆಂಬ ಭೇದ ಅಲ್ಲಿ ಅಳಿಸಿಹೋಗುತ್ತದೆ. ಮಕ್ಕಳ ಬಲಿಪೂಜೆಗಾಗಿ 1973ರಲ್ಲಿ ಬಂದ ಮಾರ್ಗಸೂಚಿಯೂ ವಾಚನಗಳನ್ನು ಹೀಗೆ ಪಾತ್ರಗಳಿಗೆ ಹಂಚಿ ಓದಲು ಅನುಮತಿ ನೀಡುತ್ತದೆ.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಯಾತನೆಯ ನಾಟಕಗಳಲ್ಲಿ ಯೆಹೂದ್ಯರನ್ನು ಕೇಡಿಗರಾಗಿ ತೋರಿಸಿದ್ದರಿಂದ ಯುರೋಪಿನಲ್ಲಿ ಆದ ಹಾನಿ ಸಣ್ಣದಲ್ಲ. ಜರ್ಮನಿಯ ಓಬರಾಮರ್ಗೌ ಹಳ್ಳಿಯ ಜನ 1633ರ ಪ್ಲೇಗಿನ ಕಾಲದಲ್ಲಿ ಹೊತ್ತ ಹರಕೆಯಂತೆ 1634ರಿಂದ ಆಡುತ್ತಾ ಬಂದಿರುವ ನಾಟಕವನ್ನು ಈ ಕಾರಣಕ್ಕಾಗಿಯೇ ಇತ್ತೀಚಿನ ದಶಕಗಳಲ್ಲಿ ತಿದ್ದಿದರು. 2022ರಲ್ಲೂ ಅದು ತಿದ್ದಿದ ರೂಪದಲ್ಲೇ ನಡೆಯಿತು. ನಮ್ಮ ಊರುಗಳಲ್ಲಿ ಪರಿಸಾಯನಿಗೆ (ಯೇಸುವಿನೊಡನೆ ವಾದಿಸುವ ಯೆಹೂದ್ಯ ಧರ್ಮನಿಷ್ಠನಿಗೆ) ಯಾರ ವೇಷ, ಯಾರ ಮಾತಿನ ಧಾಟಿ ಕೊಡುತ್ತೇವೆಂಬುದನ್ನು ನೋಡಿಕೊಳ್ಳಬೇಕು.

ಪರದೆಯ ಹಿಂದೆ

ಹವ್ಯಾಸಿ ರಂಗಭೂಮಿಯಲ್ಲಿ ಇಪ್ಪತ್ತು ವರ್ಷ ದುಡಿದಿದ್ದೇನೆ, ಸಭೆಯಲ್ಲೂ ನಾಟಕ ಮಾಡಿಸುತ್ತೇನೆ. ತುಂಗಾತೀರ ಅವರೇ, ನಿಮ್ಮ ಪ್ರಹಸನದಲ್ಲಿ ಆದ ತಪ್ಪನ್ನು ರಂಗದ ಕಣ್ಣಿನಿಂದ ಹೇಳುತ್ತೇನೆ, ಏಕೆಂದರೆ ಅದು ತಿದ್ದಲು ಸಾಧ್ಯವಾದ ತಪ್ಪು.

ಕುಡುಕನ ಪಾತ್ರ ಕನ್ನಡ ರಂಗದಲ್ಲಿ ಸುಲಭವಾಗಿ ನಗು ತರುವ ಪಾತ್ರ. ತೂರಾಟ, ತೊದಲು, ಚಿಲಕ ಹುಡುಕುವುದು ಇವೆಲ್ಲ ನಟನಿಗೆ ಕೈಬಂದ ಸರಕು. ಅದನ್ನು ಎತ್ತಿಕೊಂಡ ಕೂಡಲೇ ಕಥೆ ಬದಿಗೆ ಸರಿಯುತ್ತದೆ. ಲೂಕನ ಪಾಠದಲ್ಲಿ ಆ ಮಗ ಕುಡಿದನೆಂಬ ಮಾತೇ ಇಲ್ಲ. ಆಸ್ತಿಯನ್ನು ಹಾಳುಮಾಡಿದನು, ಹಸಿದನು, ಹಂದಿ ತಿನ್ನುವ ಕಾಯಿಗೆ ಆಸೆಪಟ್ಟನು. ಹಸಿವನ್ನು ಬಿಟ್ಟು ಅಮಲನ್ನು ತೋರಿಸಿದಿರಿ. ನಗು ಹಸಿದವನ ಮೇಲೆ ಬಿತ್ತು.

ಯೇಸುವಿನ ಮಾತಿನಲ್ಲಿ ಹಾಸ್ಯವಿಲ್ಲವೇ? ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವನನ್ನು, ಕಣ್ಣಿನಲ್ಲಿ ತೊಲೆ ಇಟ್ಟುಕೊಂಡು ಇನ್ನೊಬ್ಬನ ಕಣ್ಣಿನ ರವೆ ತೆಗೆಯಲು ಹೋಗುವವನನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿ. ಆದರೆ ಆ ಹಾಸ್ಯದಲ್ಲಿ ಸಿಕ್ಕಿಬೀಳುವವನು ಧರ್ಮದಲ್ಲಿ ತಾನು ಗಟ್ಟಿಯೆಂದು ಎದೆಯುಬ್ಬಿಸಿದವನು. ಕುರುಡನನ್ನೋ ಕುಷ್ಠರೋಗಿಯನ್ನೋ ವಿಧವೆಯನ್ನೋ ನೋಡಿ ಸುವಾರ್ತೆ ಒಮ್ಮೆಯೂ ನಗುವುದಿಲ್ಲ. ನಾನು ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ: ಸಭೆಯಲ್ಲಿ ಕುಳಿತು ನಗುತ್ತಿರುವವನು ಸ್ವಲ್ಪ ಹೊತ್ತಿನಲ್ಲಿ, ಇದು ನಾನೇ ಅಲ್ಲವೇ ಎಂದು ತಡವರಿಸಬೇಕು. ಇನ್ನೊಬ್ಬನ ಹೆಂಡತಿಯನ್ನು ಕಿತ್ತುಕೊಂಡ ರಾಜ ದಾವೀದನಿಗೆ ಪ್ರವಾದಿ ನಾತಾನನು, ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಧನಿಕನ ಕಥೆ ಹೇಳಿದ್ದು ಹಾಗೆ. ನಿಮ್ಮ ಸಾಮ್ಯದಲ್ಲಿ ನಗೆಗೆ ಸಿಗಬೇಕಾಗಿದ್ದವನು ಹಿರಿಯ ಮಗ. ಮನೆಯೊಳಗೆ ಹಬ್ಬ ನಡೆಯುತ್ತಿರುವಾಗ ಹೊರಗೆ ನಿಂತು, ತನಗೆ ಒಂದು ಆಡಿನ ಮರಿಯನ್ನೂ ಕೊಟ್ಟಿಲ್ಲವೆಂದು ವರ್ಷಗಳ ಲೆಕ್ಕ ಬಿಚ್ಚುವ ಮನುಷ್ಯ! ಸಭೆಯ ಬೆಂಚಿನಲ್ಲಿ ಕುಳಿತವರಲ್ಲಿ ಹೆಚ್ಚಿನವರು ಅವನೇ.

ಆಡುಮಾತಿನ ಬಗ್ಗೆಯೂ ಹೇಳಲೇಬೇಕು. ನಮ್ಮ ಪ್ರಹಸನಗಳಲ್ಲಿ ಆಳು, ಕೆಲಸದವಳು, ಹಳ್ಳಿಯವನು ಬಂದ ಕೂಡಲೇ ಯಾವುದೋ ಒಂದು ಸೀಮೆಯ ಮಾತನ್ನು ಅವರ ಬಾಯಿಗೆ ತುರುಕಿ ನಗು ಗಿಟ್ಟಿಸುತ್ತೇವೆ, ಯೇಸುವಿಗೆ ಮಾತ್ರ ಗ್ರಂಥಸ್ಥ ಕನ್ನಡ ಕೊಡುತ್ತೇವೆ. ಆ ಸೀಮೆಯ ಮಾತನ್ನೇ ಮನೆಯಲ್ಲಿ ಆಡುವವರು ಅದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಗಲಿಲಾಯದವರ ಮಾತಿನ ಧಾಟಿಯನ್ನು ಯೆರೂಸಲೇಮಿನವರು ಗುರುತಿಸಿದ್ದರಿಂದಲೇ ಶಿಷ್ಯನಾದ ಪೇತ್ರನು, ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಸಿಕ್ಕಿಬಿದ್ದನು ಎಂಬುದು ನಮಗೆ ಮರೆತೇಹೋಗಿದೆ.

ಉಳಿದದ್ದು ಕಸುಬಿನ ಮಾತು. ಆರು ನಿಮಿಷ ಮೀರಬೇಡಿ. ನಾಟಕದ ಕೊನೆಯಲ್ಲಿ ಒಬ್ಬನನ್ನು ನಿಲ್ಲಿಸಿ ಉಪದೇಶ ಹೇಳಿಸಬೇಡಿ, ಅದು ಪ್ರಸಂಗ ಮಾಡುವವರ ಕೆಲಸ. ಇಂಗ್ಲಿಷಿನಿಂದ ಅನುವಾದಿಸಿದ ಪ್ರಹಸನಗಳ ನಗು ನಮ್ಮಲ್ಲಿ ನಗುವಾಗುವುದಿಲ್ಲ, ಆದ್ದರಿಂದ ನೀವೇ ಬರೆಯಿರಿ. ಒಂದೇ ಮೈಕನ್ನು ಕೈಯಿಂದ ಕೈಗೆ ದಾಟಿಸುವುದಾದರೆ ನಾಟಕವೇ ಬೇಡ. ಕಾಲರ್ ಮೈಕ್ ಇಲ್ಲದಿದ್ದರೆ ಮೈಕನ್ನು ಒಬ್ಬ ಕಥನಕಾರನಿಗೆ ಕೊಟ್ಟು ಉಳಿದವರು ಮೂಕಾಭಿನಯ ಮಾಡಲಿ.

ಹೆಸರು ಬೇಡ

ನಾನು ಈ ಚರ್ಚೆಯನ್ನು ಓದುತ್ತಾ ಮಾತ್ರ ಇದ್ದೆ. ನನ್ನ ತಂದೆ ಕುಡಿಯುತ್ತಿದ್ದರು. ರಾತ್ರಿ ಚಿಲಕದ ಸದ್ದು ಬೇರೆ ಬೇರೆ ರೀತಿ ಬರುತ್ತಿತ್ತು. ಒಂದೇ ಸಲಕ್ಕೆ ತೆರೆದರೆ ಆ ರಾತ್ರಿ ಊಟವಿರುತ್ತಿತ್ತು, ಮೂರ್ನಾಲ್ಕು ಸಲ ತಡಕಾಡಿದರೆ ಅಮ್ಮ ನಮ್ಮನ್ನು ಹಿತ್ತಲಿಗೆ ಕಳುಹಿಸುತ್ತಿದ್ದರು. ಚಿಲಕ ಹುಡುಕುವ ಅಭಿನಯಕ್ಕೆ ಜನ ನಕ್ಕರೆಂದು ಓದಿದಾಗ ಆ ತಾಯಿ ಏಕೆ ಎದ್ದರೆಂದು ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ಆದರೆ ನಾಟಕ ನಿಲ್ಲಿಸುವುದು ಪರಿಹಾರವಲ್ಲ ಎಂದು ನನಗನ್ನಿಸುತ್ತದೆ. ನಮ್ಮ ಸಭೆಯಲ್ಲಿ ನನ್ನ ಬಾಲ್ಯದುದ್ದಕ್ಕೂ ಯಾರೂ ಈ ವಿಷಯವನ್ನು ಯಾವ ರೂಪದಲ್ಲೂ ಎತ್ತಲಿಲ್ಲ.

ಬೋಧಕ

ನಾನು ಸಭಾಪಾಲಕ. ಮೇಲಿನ ಬರಹವನ್ನು ಓದಿದ ಮೇಲೆ ನಿಯಮದ ಮಾತು ಆಡಲು ಮನಸ್ಸಾಗುತ್ತಿಲ್ಲ, ಆದರೂ ಸಮಿತಿಯ ಮುಂದೆ ತುಂಗಾತೀರ ಅವರಿಗೆ ಉಪಯೋಗವಾಗಬಹುದೆಂದು ನಮ್ಮ ಸಭೆಯ ರೂಢಿಯನ್ನು ಹೇಳುತ್ತೇನೆ.

ಕರ್ತನ ಭೋಜನವಿರುವ ಭಾನುವಾರ ನಾವು ಕಿರುನಾಟಕ ಇಡುವುದಿಲ್ಲ. ಈ ವಿಷಯದಲ್ಲಿ ಹಿರಿಯರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಉಳಿದ ಭಾನುವಾರಗಳಲ್ಲಿ ಮೊದಲು ವಾಕ್ಯವನ್ನು ಸತ್ಯವೇದದಿಂದಲೇ ಓದುತ್ತೇವೆ, ನಾಟಕ ಅದರ ನಂತರ, ಅದರ ಬೆನ್ನಿಗೇ ಪ್ರಸಂಗ. ಈ ಅನುಕ್ರಮ ಬದಲಾದರೆ ಜನರ ನೆನಪಿನಲ್ಲಿ ನಮ್ಮ ಸಂಭಾಷಣೆಯೇ ಸತ್ಯವೇದದ ಮಾತಾಗಿ ಉಳಿದುಬಿಡುತ್ತದೆ. ಅಮೆರಿಕದ ಶಿಕಾಗೊ ಬಳಿ 1975ರಲ್ಲಿ ಸಿನಿಮಾ ಮಂದಿರದಲ್ಲಿ ಆರಂಭವಾದ ವಿಲ್ಲೋ ಕ್ರೀಕ್ ಸಭೆ ಪ್ರಸಂಗಕ್ಕೆ ಮುಂಚಿನ ಕಿರುನಾಟಕವನ್ನು ಬಹಳ ಕಡೆಗೆ ಹರಡಿತು. ಸಭೆಗೆ ಹೊಸಬರಾದವರ ದಿನನಿತ್ಯದ ಬದುಕಿನಿಂದ ಒಂದು ಪ್ರಶ್ನೆಯನ್ನು ಎತ್ತಿ, ಉತ್ತರವನ್ನು ಪ್ರಸಂಗಕ್ಕೆ ಬಿಡುವುದು ಅವರ ಕ್ರಮವಾಗಿತ್ತು. ಅವರ ಎಲ್ಲ ಪದ್ಧತಿಗಳು ನನಗೆ ಒಪ್ಪಿಗೆಯಲ್ಲ, ಆದರೆ ಪ್ರಶ್ನೆಯನ್ನು ತೆರೆದಿಡುವ ಆ ಕಲೆಯನ್ನು ಕಲಿಯಬಹುದು.

ಬರೆದ ನಾಟಕವನ್ನು ನಾನು ಹತ್ತು ದಿನ ಮುಂಚೆ ಓದುತ್ತೇನೆ, ಸ್ತ್ರೀಯರ ಸಂಘದ ಇಬ್ಬರು ಹಿರಿಯ ತಾಯಂದಿರೂ ಓದುತ್ತಾರೆ. ನನಗೆ ಸಿದ್ಧಾಂತದ ತಪ್ಪುಗಳು ಕಾಣುತ್ತವೆ. ಯಾವ ಮನೆಯಲ್ಲಿ ಯಾವ ಗಾಯವಿದೆ ಎಂಬುದು ಅವರಿಗೆ ಕಾಣುತ್ತದೆ. ಒಮ್ಮೆ ಬಂಜೆಯಾಗಿದ್ದ ಹನ್ನಳನ್ನು ಸವತಿ ಪೆನಿನ್ನಳು ಕೆಣಕುವ ದೃಶ್ಯದಲ್ಲಿ ನಮ್ಮ ಹುಡುಗರು ಹಾಸ್ಯ ತುಂಬಿದ್ದರು. ಆ ತಾಯಂದಿರು ಅರ್ಧ ಪುಟಕ್ಕೆ ಗೀಟು ಹಾಕಿ ಹಿಂದಿರುಗಿಸಿದರು, ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಎಲ್ಲವೂ ಮರ್ಯಾದೆಯಿಂದಲೂ ಕ್ರಮದಿಂದಲೂ ನಡೆಯಲಿ ಎಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನು ನಾಟಕ ನಿಲ್ಲಿಸುವವರು ಉದಾಹರಿಸುತ್ತಾರೆ. ಅದೇ ಅಧ್ಯಾಯದಲ್ಲಿ, ನೀವು ಕೂಡಿಬಂದಾಗ ಒಬ್ಬೊಬ್ಬನೂ ಏನಾದರೊಂದನ್ನು ತರುತ್ತಾನೆ, ಎಲ್ಲವೂ ಭಕ್ತಿವೃದ್ಧಿಗಾಗಿರಲಿ ಎಂಬ ಮಾತೂ ಇದೆ. ಸಮಿತಿಯ ಮುಂದೆ ಎರಡನ್ನೂ ಓದಿ.

ತುಂಗಾತೀರ

ಎಲ್ಲರಿಗೂ ಋಣಿಯಾಗಿದ್ದೇನೆ. 'ಹೆಸರು ಬೇಡ' ಎಂದು ಬರೆದವರಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ನಿಮ್ಮ ಬರಹವನ್ನು ಪಾತ್ರ ಮಾಡಿದ ಹುಡುಗನಿಗೂ ತೋರಿಸಿದೆ.

ಸಮಿತಿಯ ಸಭೆಗೆ ಮುಂಚೆ ಆ ತಾಯಿಯ ಮನೆಗೆ ಹೋಗಿದ್ದೆ. ಫೋನಿನಲ್ಲಿ ಕ್ಷಮೆ ಕೇಳುವುದು ಸರಿಯೆನಿಸಲಿಲ್ಲ. ಅವರು ಚಹಾ ಮಾಡಿಕೊಟ್ಟರು, ನಾನು ಕ್ಷಮೆ ಕೇಳಿದೆ, ಆ ಪಾತ್ರವನ್ನು ಇನ್ನು ಎಂದೂ ಸಭೆಗೆ ತರುವುದಿಲ್ಲವೆಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನನ್ನು ತೆಗೆಯಬೇಡಿ. ಮನೆಯಲ್ಲಿ ಕಾದವರನ್ನೂ ತೋರಿಸಿ" ಎಂದರು. ಮನೆಗೆ ಬಂದು ಲೂಕನನ್ನು ತೆರೆದು ನೋಡಿದೆ. ಮಗನು ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡನು ಎಂದಿದೆ. ದಾರಿಯನ್ನು ನೋಡುತ್ತಲೇ ಇದ್ದವನಿಗೆ ಮಾತ್ರ ದೂರದಿಂದ ಬರುವವನು ಕಾಣುತ್ತಾನೆ. ಒಂಬತ್ತು ವರ್ಷದಲ್ಲಿ ಈ ಸಾಮ್ಯವನ್ನು ನಾಲ್ಕು ಸಲ ಆಡಿಸಿದ್ದೇನೆ, ಆ ಕಾಯುವಿಕೆಗೆ ಒಂದು ನಿಮಿಷವನ್ನೂ ಕೊಟ್ಟಿರಲಿಲ್ಲ.

ಸಮಿತಿಯವರು ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ವಾಕ್ಯ ಮೊದಲು ಓದಬೇಕೆಂಬ ಷರತ್ತಿನ ಮೇಲೆ. 'ಪರದೆಯ ಹಿಂದೆ' ಅವರನ್ನು ಕೇಳುತ್ತೇನೆ: ಆರು ನಿಮಿಷದಲ್ಲಿ ಕಾಯುವುದನ್ನು ಹೇಗೆ ತೋರಿಸುವುದು? ಮಾತು ಬರೆದಷ್ಟೂ ಅದು ಸುಳ್ಳಾಗುತ್ತಿದೆ.

ಹಳೆಯ ಪ್ರಾರ್ಥನಾ ಪುಸ್ತಕ

ನನ್ನ ಅಭಿಪ್ರಾಯ ಬದಲಾಗಿಲ್ಲ, ಸಂಜೆಗೆ ಇಟ್ಟರೆ ಒಳ್ಳೆಯದೆಂದೇ ಹೇಳುತ್ತೇನೆ. ಆದರೆ ಆ ತಾಯಿಯ ಮನೆಗೆ ನೀವು ಹೋದದ್ದು ಸಮಿತಿಯ ಯಾವ ನಿರ್ಣಯಕ್ಕಿಂತಲೂ ದೊಡ್ಡದು. ಈ ಭಾನುವಾರ ನಿಮ್ಮ ತಂಡವನ್ನು ಪ್ರಾರ್ಥನೆಯಲ್ಲಿ ನೆನೆಯುತ್ತೇನೆ.

ಪರದೆಯ ಹಿಂದೆ

ಮಾತು ಬೇಡವೇ ಬೇಡ. ಬಲಿಪೀಠದ ಮೆಟ್ಟಿಲಿನಿಂದ ದೂರ, ಪಕ್ಕದ ಬಾಗಿಲ ಬಳಿ ಒಂದು ಮಣೆ ಹಾಕಿ, ಒಂದು ತಟ್ಟೆ ಇಟ್ಟು, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿ. ತಂದೆಯ ಪಾತ್ರದವರು ನಾಟಕ ಆರಂಭವಾಗುವ ಮೊದಲೇ, ವಾಕ್ಯ ಓದುತ್ತಿರುವಾಗಲೇ, ಅಲ್ಲಿ ಬಂದು ಬಾಗಿಲ ಕಡೆಗೆ ಮುಖ ಮಾಡಿ ಕುಳಿತುಬಿಡಲಿ. ಕಿರಿಯ ಮಗನ ಕಥೆಯೆಲ್ಲ ಮುಂದೆ ನಡೆಯುತ್ತಿರುವಾಗ ಅವರು ಎರಡೇ ಸಲ ಏಳಬೇಕು: ಒಮ್ಮೆ ಹೊರಗೆ ಇಣುಕಿ ನೋಡಲು, ಇನ್ನೊಮ್ಮೆ ತಣ್ಣಗಾದ ತಟ್ಟೆಯನ್ನು ಒಳಗೆ ಒಯ್ದು ಹೊಸದನ್ನು ತಂದು ಮುಚ್ಚಿಡಲು. ಸ್ಟೀಲ್ ತಟ್ಟೆಯೇ ಇರಲಿ, ಮುಚ್ಚುವಾಗ ಆಗು‌ವ ಸದ್ದು ಹಿಂದಿನ ಸಾಲಿಗೂ ಕೇಳುತ್ತದೆ. ಮಗ ಬರುವಾಗ ಕುಡಿದಿದ್ದಾನೋ ಇಲ್ಲವೋ ಎಂಬುದನ್ನು ಅಭಿನಯಿಸಬೇಡಿ, ಬರಿಗಾಲಿನಲ್ಲಿ ನಡುದಾರಿಯಲ್ಲಿ ನಿಧಾನವಾಗಿ ನಡೆದು ಬರಲಿ. ತಾಲೀಮಿನಲ್ಲಿ ಒಮ್ಮೆ ಗಡಿಯಾರ ಇಟ್ಟು ನೋಡಿ. ಆ ನಡಿಗೆಗೆ ನಲವತ್ತು ಸೆಕೆಂಡಾದರೂ ಕೊಡಿ, ಸಭೆ ಚಡಪಡಿಸಿದರೂ ಅವಸರ ಮಾಡಬೇಡಿ.